ಪೆರಂಬೂರಿನಿಂದ ಒಂದು ದಿನದ ದಾರಿ

(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಕಾರ್ಯದರ್ಶಿಗಳು ಒಂದು ತಿಂಗಳ ಹಿಂದೆ ಮನೆಗೆ ಬಂದು, "ಈ ಸಲದ ಕೂಟದಲ್ಲಿ ನೀವು ಅರ್ಧ ಗಂಟೆ ಮಾತನಾಡಬೇಕು" ಎಂದಾಗ ನಾನು ಬಹಳವಾಗಿ ಹಿಂಜರಿದೆ. ನಾನು ಇತಿಹಾಸವನ್ನು ಓದಿದವನಲ್ಲ. ಓದಿದ್ದು ಬಿ.ಕಾಂ., ಮಾಡುತ್ತಿರುವುದು ಬ್ಯಾಂಕಿನ ಗುಮಾಸ್ತೆ ಕೆಲಸ. "ಪಾಂಡಿತ್ಯ ಬೇಡಿ ಸ್ವಾಮಿ, ಭಾನುವಾರ ಬಂತೆಂದರೆ ಮಗನನ್ನು ಕಟ್ಟಿಕೊಂಡು ಎಲ್ಲೆಲ್ಲಿಗೋ ಹೋಗಿಬರುತ್ತೀರಂತೆ, ಅದನ್ನೇ ಹೇಳಿ ಸಾಕು" ಎಂದರು. ಅದಾದರೆ ಹೇಳಬಲ್ಲೆನೆಂದು ಒಪ್ಪಿಕೊಂಡೆ. ತಪ್ಪುಗಳಿದ್ದರೆ ಬಲ್ಲವರು ತಿದ್ದಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಊರಿನಿಂದ ನೆಂಟರು ಬಂದರೆ ನಾವು ಅವರನ್ನು ಮರೀನಾ ತೀರಕ್ಕೆ, ಮೈಲಾಪುರಕ್ಕೆ, ಇನ್ನೂ ಹೆಚ್ಚೆಂದರೆ ಮಹಾಬಲಿಪುರಕ್ಕೆ ಕರೆದೊಯ್ಯುತ್ತೇವೆ. "ನೀವಿರುವ ಪೆರಂಬೂರಿನಲ್ಲಿ ನೋಡತಕ್ಕದ್ದೇನಿದೆ?" ಎಂದು ಅವರು ಕೇಳಿದರೆ, "ಇಲ್ಲೇನಿದೆ, ರೈಲಿನ ಸದ್ದು" ಎಂದು ನಗುತ್ತೇವೆ. ನಾನೂ ಮೂವತ್ತು ವರ್ಷ ಹಾಗೆಯೇ ನಗುತ್ತಿದ್ದೆ. ಆದರೆ ಆ ರೈಲಿನ ಸದ್ದೇ ನಮ್ಮೂರಿನ ಮೊದಲ ಚರಿತ್ರೆ. ೧೮೫೬ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ಗಾಡಿ ರಾಯಪುರದಿಂದ ಹೊರಟು ವಾಲಾಜಾ ರೋಡಿನವರೆಗೆ ಹೋದುದು ಈ ಪೆರಂಬೂರಿನ ಮೇಲೆಯೇ. ರಾಯಪುರದ ಆ ಸ್ಟೇಷನ್ ಕಟ್ಟಡ ಇಂದಿಗೂ ತನ್ನ ಕಂಬಸಾಲಿನೊಡನೆ ನಿಂತಿದೆ. ನಮ್ಮಿಂದ ಕೆಲವೇ ಮೈಲಿ. ಎಷ್ಟು ಮಂದಿ ಹೋಗಿ ನೋಡಿದ್ದೇವೆ? ೧೮೬೪ರಲ್ಲಿ ಇದೇ ದಾರಿಯಿಂದ ಕವಲೊಡೆದ ಹಳಿ ಬೆಂಗಳೂರನ್ನು ಮುಟ್ಟಿತು. ನಮ್ಮ ಹಿರಿಯರಲ್ಲಿ ಬಹುಮಂದಿ ಬಂದುದು ಆ ಹಳಿಯ ಮೇಲೆ.

ಕೆಲವರು ರೈಲ್ವೆ ಕಾರ್ಖಾನೆಗೆ ಬಂದರು. ಕೆಲವರು ಬಿನ್ನಿಯವರ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗೆ ಬಂದರು. ೧೯೧೮ರಲ್ಲಿ ಭಾರತದ ಮೊದಮೊದಲ ಕಾರ್ಮಿಕ ಸಂಘ ಹುಟ್ಟಿದ್ದು ಆ ಗಿರಣಿಯ ಕೂಲಿಕಾರರಿಂದ. ಗಿರಣಿ ೧೯೯೬ರಲ್ಲಿ ಮುಚ್ಚಿಹೋಯಿತು. ೧೯೫೫ರ ಅಕ್ಟೋಬರ್ ೨ರಂದು ನೆಹರೂ ಅವರು ಬೋಗಿ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಬಂದವರೂ ಉಂಟು. ನನ್ನ ತಾತ ಮದ್ದೂರಿನ ಕಡೆಯಿಂದ ಬಂದುದು ಹಾಗೆ. ಇನ್ನೊಂದು ಸಂಗತಿಯನ್ನೂ ನಮ್ಮ ಮಕ್ಕಳಿಗೆ ಹೇಳಬೇಕು. ೧೯೫೬ರ ನವೆಂಬರ್ ೧ರವರೆಗೆ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಮದರಾಸು ರಾಜ್ಯದಲ್ಲಿದ್ದವು. ಬಳ್ಳಾರಿ ೧೯೫೩ರವರೆಗೆ ಇತ್ತು. ಆ ಕಡೆಯ ಕನ್ನಡಿಗರಿಗೆ ಈ ಪಟ್ಟಣ ಪರದೇಶವಾಗಿರಲಿಲ್ಲ, ರಾಜಧಾನಿಯಾಗಿತ್ತು.

ಇನ್ನು ನಾನು ಈ ಸುತ್ತಾಟಕ್ಕೆ ಹೇಗೆ ತೊಡಗಿದೆನೆಂಬುದನ್ನು ಹೇಳುತ್ತೇನೆ. ನಮ್ಮ ಬ್ಯಾಂಕಿನ ಶಾಖೆಯಲ್ಲಿ ಅರಕ್ಕೋಣದ ಕಡೆಯ ಹಿರಿಯ ಸಹೋದ್ಯೋಗಿಯೊಬ್ಬರಿದ್ದಾರೆ. ಬಹಳ ಒಳ್ಳೆಯವರು; ನಾನು ಕೆಲಸಕ್ಕೆ ಸೇರಿದಾಗ ಕೌಂಟರಿನ ಕೆಲಸವನ್ನು ಕೈಹಿಡಿದು ಕಲಿಸಿದವರು. ಆದರೆ ಪತ್ರಿಕೆಯಲ್ಲಿ ಕಾವೇರಿ ನೀರಿನ ಸುದ್ದಿ ಬಂದ ದಿನ, "ಏನಪ್ಪಾ, ನಿಮ್ಮವರು ನೀರು ಬಿಡುವುದಿಲ್ಲವಂತೆ?" ಎಂದು ತಮಾಷೆಗೆ ಕೇಳುವರು. ಸಾಮಾನ್ಯವಾಗಿ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಒಂದು ದಿನ ಮಾತ್ರ ಏನಾಯಿತೋ, "ನಮ್ಮೂರಿನ ಗದ್ದೆ ಒಣಗಿರುವುದನ್ನು ಒಂದು ಸಲ ಬಂದು ನೋಡಿ ಸಾರ್, ಆಮೇಲೆ ಮಾತನಾಡಿ" ಎಂದುಬಿಟ್ಟೆ. ಸ್ವರ ಗಡುಸಾಗಿತ್ತು. ಅವರ ಮುಖ ಸಣ್ಣದಾಯಿತು. ಸಂಜೆಯವರೆಗೆ ಇಬ್ಬರೂ ಮಾತನಾಡಲಿಲ್ಲ.

ಹೊರಡುವ ಹೊತ್ತಿಗೆ ಅವರೇ ನನ್ನ ಮೇಜಿನ ಬಳಿಗೆ ಬಂದರು. "ನಿಮ್ಮ ರಾಜ ನಮ್ಮ ರಾಜಕುಮಾರನನ್ನು ನಮ್ಮೂರಿನ ಪಕ್ಕದಲ್ಲೇ ಕೊಂದ, ಗೊತ್ತೇ? ಭಾನುವಾರ ಮಗನನ್ನು ಕರೆದುಕೊಂಡು ಬಾ, ತೋರಿಸುತ್ತೇನೆ. ಊಟ ನಮ್ಮ ಮನೆಯಲ್ಲಿ" ಎಂದರು. ನನಗೆ ಗೊತ್ತಿರಲಿಲ್ಲ. ಯಾವ ರಾಜ, ಯಾವ ರಾಜಕುಮಾರ ಎಂದು ಕೇಳುವುದಕ್ಕೂ ನಾಚಿಕೆಯಾಯಿತು.

ಹೀಗೆ ನಾವು ಮೊದಲು ಹೋದುದು ತಕ್ಕೋಲಕ್ಕೆ. ಪೆರಂಬೂರಿನಲ್ಲಿ ಬೆಳಗಿನ ಲೋಕಲ್ ಗಾಡಿ ಹತ್ತಿ ಅರಕ್ಕೋಣದಲ್ಲಿ ಇಳಿದರೆ, ಅಲ್ಲಿಂದ ಚೆಂಗಲ್ಪಟ್ಟಿನ ಕಡೆಗೆ ಒಂದು ಹಳಿ ತಿರುಗುತ್ತದೆ. ಆ ಹಳಿಯ ಮೇಲೆ ತಕ್ಕೋಲಕ್ಕೆ ತನ್ನದೇ ಒಂದು ಸ್ಟೇಷನ್ನಿದೆ. ಊರು ಸಣ್ಣದು, ಜಲನಾಥೇಶ್ವರನ ಗುಡಿ ಹಳೆಯದು, ಸಂಬಂಧರು ಹಾಡಿದ ಕ್ಷೇತ್ರ. ಅಲ್ಲಿಯ ದಕ್ಷಿಣಾಮೂರ್ತಿಯ ವಿಗ್ರಹವನ್ನು ನೋಡದೆ ಬರಬೇಡಿ. ಬೇರೆ ಕಡೆ ಕಾಣುವ ಭಂಗಿ ಅದಲ್ಲ. ಯುದ್ಧದ ಗುರುತೆಂದು ತೋರಿಸುವುದಕ್ಕೆ ಅಲ್ಲೇನೂ ಉಳಿದಿಲ್ಲ. ಹೊಲ, ಗದ್ದೆ, ತಾಳೆಮರ. ಆದರೆ ಕ್ರಿ. ಶ. ೯೪೯ರಲ್ಲಿ ಈ ಬಯಲಿನಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಅವನ ಭಾವ, ತಲಕಾಡಿನ ಗಂಗರ ಬೂತುಗನೂ ಒಂದು ಕಡೆ, ಚೋಳರ ಯುವರಾಜ ರಾಜಾದಿತ್ಯ ಇನ್ನೊಂದು ಕಡೆ ನಿಂತು ಕಾದಿದರು. ರಾಜಾದಿತ್ಯ ಆನೆಯ ಮೇಲೆ ಕುಳಿತಿದ್ದಂತೆಯೇ ಮಡಿದ. ತಮಿಳು ಶಾಸನಗಳು ಅವನನ್ನು "ಆನೆಯ ಮೇಲೆ ನಿದ್ರಿಸಿದವನು" ಎಂದು ಹೆಸರಿಸುತ್ತವೆ. ಸತ್ತ ಎನ್ನುವುದಕ್ಕೆ ಆ ಜನ ಎಂಥ ಮಾತನ್ನು ಆರಿಸಿಕೊಂಡಿದ್ದಾರೆ ನೋಡಿ.

ಇದೇ ಯುದ್ಧದ ನಮ್ಮ ಕಡೆಯ ಲೆಕ್ಕ ಎಲ್ಲಿದೆ ಬಲ್ಲಿರಾ? ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ. ನಮ್ಮ ತಾತನ ಊರಿನ ಕಡೆಯ ಕಲ್ಲು! ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ತಕ್ಕೋಲದಲ್ಲಿ ಚೆನ್ನಾಗಿ ಕಾದಿದ ಮಣಲೆರ ಎಂಬ ವೀರನಿಗೆ ಬೂತುಗ, "ಏನು ಬೇಕೋ ಕೇಳು" ಎಂದನಂತೆ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಒಡೆಯನ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ರಾಜಾದಿತ್ಯ ಸತ್ತ ಸುದ್ದಿ ಆ ಕಲ್ಲಿನಲ್ಲಿ ನಾಯಿಯ ಸುದ್ದಿಯ ಜೊತೆಗೆ ಬರುತ್ತದೆ. ಅರಕ್ಕೋಣದ ಮನೆಯಲ್ಲಿ ಊಟ ಮಾಡುತ್ತ ಇದನ್ನು ನಾನು ಹೇಳಿದಾಗ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ನಾಯಿಗೂ ಕಲ್ಲು ನಿಲ್ಲಿಸಿದ ಜನ ಕೆಟ್ಟವರಿರಲಾರರು" ಎಂದರು.

ಅವರೇ ಇನ್ನೊಂದು ಮಾತನ್ನೂ ಹೇಳಿದರು. ರಾಜಾದಿತ್ಯನು ದಂಡಿನೊಡನೆ ಬೀಡುಬಿಟ್ಟಿದ್ದ ಕಾಲದಲ್ಲಿ ತನ್ನ ಸೈನಿಕರಿಂದ ತೋಡಿಸಿದನೆಂದು ಜನ ಹೇಳುವ ಕೆರೆ ಕಡಲೂರು ಜಿಲ್ಲೆಯ ವೀರಾಣಂ. ತಂದೆ ಪರಾಂತಕನ ಬಿರುದಿನಿಂದ ಅದಕ್ಕೆ ವೀರನಾರಾಯಣನ ಕೆರೆ ಎಂದು ಹೆಸರು. ಆ ಕೆರೆಗೆ ಕಾಲುವೆಯ ಮೂಲಕ ಕಾವೇರಿಯ ನೀರು ಬರುತ್ತದೆ. ೨೦೦೪ರಿಂದ ಅಲ್ಲಿಯ ನೀರನ್ನು ದೊಡ್ಡ ಕೊಳವೆಗಳಲ್ಲಿ ಈ ಚೆನ್ನೈ ನಗರಕ್ಕೆ ತರುತ್ತಿದ್ದಾರೆ. ಕೊಡಗಿನಲ್ಲಿ ಹುಟ್ಟಿ, ನಮ್ಮ ಮಂಡ್ಯದ ಗದ್ದೆಗಳ ಪಕ್ಕದಲ್ಲಿ ಹರಿದ ನೀರು, ನಮ್ಮವರು ಕೊಂದ ರಾಜಕುಮಾರನ ಕೆರೆಯಲ್ಲಿ ನಿಂತು, ಈ ಊರಿನ ಬಾಯಾರಿಕೆಗೆ ಬರುತ್ತಿದೆ. ಇದನ್ನು ಕೇಳಿದ ಮೇಲೆ, ಮೇಜಿನ ಬಳಿ ಅಷ್ಟು ಗಡುಸಾಗಿ ಮಾತನಾಡಿದುದಕ್ಕೆ ನಾನು ಅವರ ಕ್ಷಮೆ ಕೇಳಿದೆ.

ಎರಡನೆಯ ಸ್ಥಳ ನಮಗೆ ತೀರ ಸಮೀಪ: ತಿರುವೊಟ್ಟಿಯೂರು. ೨೦೨೧ರಿಂದ ಮೆಟ್ರೋ ಗಾಡಿಯೂ ಅತ್ತ ಹೋಗುತ್ತದೆ. ತ್ಯಾಗರಾಜಸ್ವಾಮಿಯ ಈ ಗುಡಿಗೆ ನಮ್ಮಲ್ಲಿ ಹಲವರು ಹರಕೆ ಹೊತ್ತು ಹೋಗಿದ್ದೀರಿ. ಮುಂದಿನ ಸಲ ಹೋದಾಗ ಗರ್ಭಗುಡಿಯನ್ನು ಹಿಂಬದಿಯಿಂದ ನೋಡಿ. ಅದು ಚೌಕವಾಗಿಲ್ಲ, ಆನೆಯ ಬೆನ್ನಿನಂತೆ ದುಂಡಗೆ ತಿರುಗಿದೆ. ರಾಜೇಂದ್ರ ಚೋಳನ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಿದ್ದು. ಇದು ಕನ್ನಡ ಸಾಹಿತ್ಯಕ್ಕೂ ದೂರದ ಊರಲ್ಲ. ಹರಿಹರ ಕವಿಯ ನಂಬಿಯಣ್ಣನ ರಗಳೆಯ ನಾಯಕನಾದ ಸುಂದರಮೂರ್ತಿ ನಾಯನಾರರು ಸಂಗಿಲಿಯನ್ನು ಮದುವೆಯಾದುದು ಈ ತಿರುವೊಟ್ಟಿಯೂರಿನಲ್ಲಿ. ಬಕುಳ ಮರದ ಕೆಳಗೆ ಆಣೆಯಿಟ್ಟು, ಆಮೇಲೆ ಅದನ್ನು ಮುರಿದು ಕಣ್ಣು ಕಳೆದುಕೊಂಡ ಕಥೆಯೂ ಇಲ್ಲಿಯದೇ.

ಆದರೆ ನಾನು ಹೇಳಬೇಕೆಂದಿರುವುದು ಬೇರೆ. ತಕ್ಕೋಲದ ಗೆಲುವಿನ ತರುವಾಯ ಈ ತೊಂಡೈನಾಡು ಬಹಳ ವರ್ಷ ಕೃಷ್ಣನ ಕೈಯಲ್ಲಿತ್ತು. ನಮ್ಮ ಪೊನ್ನ ಕವಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಕೊಟ್ಟ ಕೃಷ್ಣನೇ ಇವನು. ತಮಿಳು ಶಾಸನಗಳಲ್ಲಿ ಇವನ ಹೆಸರು ಕನ್ನರದೇವ. ಅವನ ಆಳ್ವಿಕೆಯ ೨೦ನೆಯ ವರ್ಷದ ಒಂದು ಶಾಸನ ತಿರುವೊಟ್ಟಿಯೂರಿನಲ್ಲಿ ದೊರೆತಿದೆ. ಅಚ್ಚಾದ ಪುಸ್ತಕದಲ್ಲಿ ಅದರ ಸಾರಾಂಶವನ್ನು ಓದಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಕೇರಳದಲ್ಲಿ ಹುಟ್ಟಿದ ಒಬ್ಬ ವಿದ್ಯಾವಂತ ಚೋಳದೇಶಕ್ಕೆ ಬಂದು ರಾಜಾದಿತ್ಯನ ಪ್ರಾಣಮಿತ್ರನಾದ. ಆದರೆ ಯುದ್ಧದ ದಿನ ಅವನು ಗೆಳೆಯನ ಪಕ್ಕದಲ್ಲಿರಲಿಲ್ಲ. ಒಡೆಯನ ಜೊತೆ ಸಾಯುವ ಭಾಗ್ಯ ತನಗೆ ತಪ್ಪಿತಲ್ಲಾ ಎಂದು ನೊಂದು, ಗಂಗೆಯಲ್ಲಿ ಮಿಂದು, ತಿರುವೊಟ್ಟಿಯೂರಿನ ಮಠದಲ್ಲಿ ಸನ್ಯಾಸಿಯಾದ. ಚತುರಾನನ ಪಂಡಿತನೆಂದು ಹೆಸರಾದ. ದೇವರ ಸೇವೆಗೆ ಅವನು ನೂರು ನಿಷ್ಕ ಹೊನ್ನನ್ನು ಕೊಟ್ಟುದನ್ನು ಈ ಶಾಸನ ಹೇಳುತ್ತದೆ. ಗೆಳೆಯನನ್ನು ಕೊಂದ ರಾಜನ ಆಳ್ವಿಕೆಯ ವರ್ಷವನ್ನೇ ಮೇಲೆ ಬರೆದು, ಕೆಳಗೆ ಗೆಳೆಯನ ಶೋಕವನ್ನು ಬರೆಸಿದ್ದಾನೆ. ಬರೆಯಬೇಡವೆಂದು ಯಾರೂ ತಡೆದಂತಿಲ್ಲ.

ನಾನು ಲೆಕ್ಕ ಬರೆಯುವವನು. ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ, ಮನ್ನಿಸಿ. ನಮ್ಮ ಶಾಸ್ತ್ರದಲ್ಲಿ ಒಂದು ಪುಟದ ಜಮೆ ಇನ್ನೊಂದು ಪುಟದ ಖರ್ಚು. ಒಂದೇ ಪುಟವನ್ನು ನೋಡಿ ತಾಳೆ ಹಾಕಿದವನನ್ನು ಯಾವ ಮ್ಯಾನೇಜರೂ ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಆತಕೂರಿನ ಕಲ್ಲು ನಮ್ಮ ಜಮೆಯ ಪುಟ. ಅದೇ ದಿನದ ಖರ್ಚಿನ ಪುಟ ತಿರುವೊಟ್ಟಿಯೂರಿನಲ್ಲಿದೆ. ಆತಕೂರನ್ನು ಮಾತ್ರ ಓದಿದ ಕನ್ನಡಿಗನಿಗೆ ಹೆಮ್ಮೆ ಮಾತ್ರ ಸಿಕ್ಕೀತು. ಪೆರಂಬೂರಿನ ಕನ್ನಡಿಗನಿಗೆ ಎರಡನೆಯ ಪುಟವೂ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಇದು ನಮಗೆ ದೊರೆತ ಅನುಕೂಲವೆಂದು ನಾನು ಭಾವಿಸುತ್ತೇನೆ.

ಖರ್ಚಿನ ಪುಟವೆಂದಮೇಲೆ ನಾವು ಸೋತ ಜಾಗಕ್ಕೂ ಹೋಗಬೇಕಷ್ಟೆ? ತಾಂಬರಂ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಹೋದರೆ ಮಣಿಮಂಗಲ ಸಿಗುತ್ತದೆ. ಈಗ ದೊಡ್ಡ ಕೆರೆ, ಚೋಳರ ಕಾಲದ ಶಾಸನಗಳಿರುವ ರಾಜಗೋಪಾಲಸ್ವಾಮಿಯ ಗುಡಿ, ಶಾಂತವಾದ ಬೀದಿ. ನಮ್ಮ ಇಮ್ಮಡಿ ಪುಲಕೇಶಿಯನ್ನು, ಹರ್ಷವರ್ಧನನನ್ನು ತಡೆದ ಆ ಪುಲಕೇಶಿಯನ್ನು, ಪಲ್ಲವರ ಒಂದನೆಯ ನರಸಿಂಹವರ್ಮ ಸೋಲಿಸಿದ ಸ್ಥಳಗಳಲ್ಲಿ ಇದೂ ಒಂದೆಂದು ಪಲ್ಲವರ ತಾಮ್ರಶಾಸನ ಹೇಳುತ್ತದೆ. ಅಲ್ಲಿಂದ ಹಿಮ್ಮೆಟ್ಟಿದ ಚಾಲುಕ್ಯರನ್ನು ಬೆನ್ನಟ್ಟಿ, ೬೪೨ರ ಸುಮಾರಿಗೆ ಪಲ್ಲವರು ಬಾದಾಮಿಯನ್ನೇ ಹಿಡಿದರು. ಬಾದಾಮಿಯ ಬಂಡೆಯ ಮೇಲೆ ನರಸಿಂಹವರ್ಮನ ಶಾಸನ ಇಂದಿಗೂ ಇದೆ.

ಆ ದಂಡಿನ ನಾಯಕನಾಗಿದ್ದವನು ಯಾರು? ಪೆರಿಯಪುರಾಣದ ಪ್ರಕಾರ ಪರಂಜ್ಯೋತಿ ಎಂಬವನು. ಬಾದಾಮಿಯಿಂದ ಹಿಂದಿರುಗಿ ಕತ್ತಿಯನ್ನಿಟ್ಟು ಶಿವಭಕ್ತನಾಗಿ ಶಿರುತ್ತೊಂಡರೆಂಬ ಹೆಸರಿನಿಂದ ಪ್ರಸಿದ್ಧನಾದನು. ಅತಿಥಿಯಾಗಿ ಬಂದ ಶಿವನಿಗೆ ಮಗನನ್ನೇ ಅಡಿಗೆ ಮಾಡಿ ಬಡಿಸಿದ ಭಕ್ತನೀತ. ಈಗ ನಿಮಗೆ ನೆನಪಾಗಿರಬೇಕು. ಹೌದು, ನಮ್ಮ ಅಜ್ಜಿಯರು ಹೇಳುತ್ತಿದ್ದ ಕಂಚಿಯ ಸಿರಿಯಾಳಸೆಟ್ಟಿ, ಅವನ ಮಡದಿ ಚಂಗಳೆ, ಅವರ ಮಗ ಚೀಲಾಳ, ಅದೇ ಕಥೆ. ಬಾದಾಮಿಯನ್ನು ಸುಟ್ಟವನೆಂದು ಅಲ್ಲಿ ಹೆಸರಾದವನನ್ನು ಕನ್ನಡದ ಶರಣರು ಭಕ್ತಶ್ರೇಷ್ಠನೆಂದು ಹಾಡಿದರು. ಕನ್ನಡಕ್ಕೆ ಬರುವ ಹೊತ್ತಿಗೆ ಕತ್ತಿ ಉದುರಿಹೋಗಿ ಭಕ್ತಿ ಮಾತ್ರ ಬಂದಿದೆ. ಇದು ನಮ್ಮ ಭಾಷೆಯ ದೊಡ್ಡ ಗುಣವೆಂದು ನಾನು ತಿಳಿಯುತ್ತೇನೆ.

ಈಗ ಕಂಚಿಗೆ ಬರೋಣ. ಅರಕ್ಕೋಣದಿಂದ ತಕ್ಕೋಲದ ಮೇಲೆ ಹೋಗುವ ಅದೇ ಹಳಿಯ ಮೇಲೆ ಮುಂದೆ ಕಂಚೀಪುರವಿದೆ. ನಮ್ಮವರು ಕಂಚಿಗೆ ಹೋದರೆ ಕಾಮಾಕ್ಷಿ, ಏಕಾಮ್ರನಾಥ, ವರದರಾಜಸ್ವಾಮಿ, ಆಮೇಲೆ ಸೀರೆ ಅಂಗಡಿ. ನಾನು ಸೀರೆಗೆ ವಿರೋಧಿಯಲ್ಲ; ಮನೆಗೆ ಹಿಂದಿರುಗಬೇಕಾದವನು. ಆದರೆ ಊರಿನ ಪಶ್ಚಿಮದ ಅಂಚಿನಲ್ಲಿರುವ ಕೈಲಾಸನಾಥನ ಗುಡಿಗೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ.

ಕನ್ನಡಿಗರ ಮೊದಲ ರಾಜವಂಶಕ್ಕೂ ಕಂಚಿಗೂ ನಂಟಿದೆ. ತಾಳಗುಂದದ ಶಾಸನ ಹೇಳುವಂತೆ, ಮಯೂರಶರ್ಮ ಓದುವುದಕ್ಕೆಂದು ಬಂದುದು ಕಂಚಿಯ ಘಟಿಕೆಗೆ. ಇಲ್ಲಿ ಪಲ್ಲವರ ಕುದುರೆಸವಾರನೊಡನೆ ಜಗಳವಾಗಿ, ಅವಮಾನವನ್ನು ತಾಳದೆ, ದರ್ಭೆಯನ್ನು ಹಿಡಿದ ಕೈಯಲ್ಲಿ ಕತ್ತಿ ಹಿಡಿದನು. ಕದಂಬರ ರಾಜ್ಯ ಹುಟ್ಟಿತು. ನಮ್ಮ ಚರಿತ್ರೆಯ ಮೊದಲ ಪುಟವೇ ಓದಲು ಪರವೂರಿಗೆ ಬಂದ ಹುಡುಗನೊಬ್ಬನ ಕಥೆ. ಇಲ್ಲಿ ಕುಳಿತಿರುವ ಕಾಲೇಜು ಹುಡುಗರು ಇದನ್ನು ನೆನಪಿಡಬಹುದು. ಜಗಳದ ಭಾಗವನ್ನು ಬಿಟ್ಟು.

ಕೈಲಾಸನಾಥನ ಗುಡಿಯನ್ನು ಎಂಟನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದವನು ಪಲ್ಲವ ರಾಜಸಿಂಹ. ಆದ್ದರಿಂದ ಅದಕ್ಕೆ ರಾಜಸಿಂಹೇಶ್ವರವೆಂದು ಹಳೆಯ ಹೆಸರು. ಮರಳುಗಲ್ಲಿನ ಕಟ್ಟಡ, ಸುತ್ತಲೂ ೫೮ ಪುಟ್ಟ ಗುಡಿಗಳು, ಕೆಲವುಗಳ ಒಳಗೋಡೆಯಲ್ಲಿ ಅಂದಿನ ಬಣ್ಣದ ಚಿತ್ರಗಳ ತುಣುಕುಗಳು ಈಗಲೂ ಕಾಣುತ್ತವೆ. ಗರ್ಭಗುಡಿಯ ಸುತ್ತ ತೆವಳಿಕೊಂಡು ನುಸುಳುವ ಕಿರಿದಾದ ದಾರಿಯುಂಟು. ಮಕ್ಕಳಿಗೆ ಅದೊಂದೇ ಸಾಕು. ಮುಂದಿನ ಮಂಟಪದ ಒಂದು ಕಂಬದ ಹಿಂಬದಿಯಲ್ಲಿ ನಾವು ನೋಡಬೇಕಾದ ಬರಹವಿದೆ. ಅದು ಕನ್ನಡ.

ಬರೆಸಿದವನು ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ. ೭೩೩ರಿಂದ ೭೪೪ರವರೆಗೆ ಆಳಿದವನು. ಪಟ್ಟದಕಲ್ಲಿನ ಶಾಸನ ಅವನು ಕಂಚಿಯನ್ನು ಮೂರು ಸಲ ಗೆದ್ದನೆನ್ನುತ್ತದೆ. ಅವನ ಹಿರಿಯರ ರಾಜಧಾನಿಯನ್ನು ಪಲ್ಲವರು ಹಿಡಿದು ನೂರು ವರ್ಷವೂ ಆಗಿರಲಿಲ್ಲ. ಕೈಯಲ್ಲಿ ಕತ್ತಿಯಿತ್ತು, ಎದುರಿಗೆ ಶತ್ರುವಿನ ಐಶ್ವರ್ಯವಿತ್ತು. ಅವನು ಮಾಡಿದ್ದೇನು? ರಾಜಸಿಂಹೇಶ್ವರದ ಸಂಪತ್ತನ್ನೆಲ್ಲ ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟನು. ಕಂಬದ ಮೇಲಿನ ಕನ್ನಡ ಹೇಳುವುದು ಇದನ್ನೇ. ಈ ಧರ್ಮವನ್ನು ಕೆಡಿಸಿದವನಿಗೆ ಈ ಊರಿನ ಘಟಿಕೆಯ ಮಹಾಜನರನ್ನು ಕೊಂದ ಪಾಪ ಬರಲಿ ಎಂದು ಕೊನೆಗೆ ಶಾಪ. ಮಯೂರಶರ್ಮ ಓದಿದ ಘಟಿಕೆ! ಅವನ ರಾಣಿ ಲೋಕಮಹಾದೇವಿ ಈ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ಎರಡನ್ನೂ ನೋಡಿದವರಿಗೆ ಒಂದರ ಛಾಯೆ ಇನ್ನೊಂದರಲ್ಲಿ ತಟ್ಟನೆ ಕಾಣುತ್ತದೆ. ಗೆದ್ದವನು ಹೊನ್ನನ್ನು ಬಿಟ್ಟು ಕಟ್ಟುವ ವಿದ್ಯೆಯನ್ನು ಮಾತ್ರ ಊರಿಗೆ ಒಯ್ದಂತಾಯಿತು.

ಆ ಕಂಬದ ಮುಂದೆ ನಡೆದುದನ್ನು ಹೇಳಿ ನನ್ನ ಮಾತಿನ ಮುಖ್ಯ ಭಾಗವನ್ನು ಮುಗಿಸುತ್ತೇನೆ. ಮಗನಿಗೆ ಹತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ತಮಿಳು. ಮನೆಯಲ್ಲಿ ಕನ್ನಡ ಮಾತನಾಡುತ್ತಾನೆ, ಓದಲು ಬಾರದು. ಕಲಿಸಬೇಕೆಂದು ನಾನು ನಾಲ್ಕು ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ. ಅಂದು ಬಹಳ ಹೆಮ್ಮೆಯಿಂದ, "ನೋಡಪ್ಪಾ, ಕನ್ನಡ!" ಎಂದು ತೋರಿಸಿದೆ. ಅವನು, "ಓದಿ ಹೇಳಿ ಅಪ್ಪಾ" ಎಂದ. ನಾನು ಬಗ್ಗಿ ನೋಡಿದೆ. ಒಂದಕ್ಷರವೂ ನನಗೆ ಹತ್ತಲಿಲ್ಲ. ಸುಮಾರು ೧೩೦೦ ವರ್ಷದ ಹಿಂದಿನ ಲಿಪಿ ನಮ್ಮ ಕಣ್ಣಿಗೆ ಸಿಕ್ಕುವುದಿಲ್ಲ ಎಂದು ವಿವರಿಸಿದೆ. ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ಸರಿ. ನಿಮಗೆ ಇವರ ಕನ್ನಡ ಬರುವುದಿಲ್ಲ, ನನಗೆ ನಿಮ್ಮ ಕನ್ನಡ ಬರುವುದಿಲ್ಲ" ಎಂದ. ಎದುರುತ್ತರವಲ್ಲ ಅದು, ಮಗು ಕಂಡದ್ದನ್ನು ಹೇಳಿತು. ಗಾಡಿಯಲ್ಲಿ ಹಿಂದಿರುಗುವಾಗ ಅವನು ನನ್ನ ತೊಡೆಯ ಮೇಲೆ ಮಲಗಿ ನಿದ್ದೆಹೋದ. ನನಗೆ ಪೆರಂಬೂರಿನವರೆಗೂ ಕಣ್ಣು ಮುಚ್ಚಲಿಲ್ಲ.

ಮರುದಿನವೇ ಒಂದು ಕಾಪಿ ಪುಸ್ತಕ ತಂದೆ. ದಿನವೂ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ. ಈಗ ಒತ್ತಕ್ಷರಕ್ಕೆ ಬಂದಿದ್ದೇವೆ.

ಇನ್ನೆರಡು ಸ್ಥಳಗಳನ್ನು ಹೇಳಿಬಿಡುತ್ತೇನೆ. ಎರಡೂ ನಮ್ಮ ಅರಕ್ಕೋಣದ ಹಳಿಯ ಮೇಲೆಯೇ. ಒಂದು ತಿರುನಿನ್ರವೂರು, ಆವಡಿಯ ಆಚೆ. ಅಲ್ಲಿ ಪೂಸಲಾರರೆಂಬ ಬಡ ಭಕ್ತರಿದ್ದರು. ಹಣವಿಲ್ಲದ್ದರಿಂದ ಮನಸ್ಸಿನಲ್ಲೇ ಒಂದೊಂದು ಕಲ್ಲನ್ನಿಟ್ಟು ಶಿವನಿಗೆ ಗುಡಿ ಕಟ್ಟಿದರು. ಪಲ್ಲವ ರಾಜ ಕಂಚಿಯಲ್ಲಿ ಕಲ್ಲಿನ ಗುಡಿಗೆ ಪ್ರತಿಷ್ಠೆಯ ದಿನ ಗೊತ್ತುಮಾಡಿದಾಗ, ಶಿವನು ಕನಸಿನಲ್ಲಿ ಬಂದು, "ಆ ದಿನ ನನಗೆ ಬಿಡುವಿಲ್ಲ, ಪೂಸಲಾರನ ಗುಡಿಗೆ ಹೋಗಬೇಕು" ಎಂದನಂತೆ. ಇ‍ದು ಪೆರಿಯಪುರಾಣದ ಕಥೆ. ಆ ಕಲ್ಲಿನ ಗುಡಿ ಕೈಲಾಸನಾಥನದೇ ಎಂದು ಹೇಳುತ್ತಾರೆ. ತಿರುನಿನ್ರವೂರಿನ ದೇವರ ಹೆಸರು ಹೃದಯಾಲೀಶ್ವರ. ಕಂಚಿಗೆ ಹೋದವರು ಹಿಂದಿರುಗುವಾಗ ಇಲ್ಲಿ ಇಳಿದರೆ ಕಥೆ ಪೂರ್ತಿಯಾಗುತ್ತದೆ.

ಇನ್ನೊಂದು ಎಲ್ಲಕ್ಕಿಂತ ಹಳೆಯದು. ತಿರುವಳ್ಳೂರಿನಲ್ಲಿ ಇಳಿದು ಬಸ್ಸಿನಲ್ಲಿ ಪೂಂಡಿಗೆ ಹೋದರೆ, ೧೯೪೪ರಲ್ಲಿ ಕಟ್ಟಿದ ಜಲಾಶಯದ ಬಳಿ ಸರ್ಕಾರದವರ ಶಿಲಾಯುಗದ ವಸ್ತು ಸಂಗ್ರಹಾಲಯವಿದೆ. ಸಮೀಪದ ಅತ್ತಿರಂಪಾಕ್ಕಂನಲ್ಲಿ ದೊರೆತ ಕಲ್ಲಿನ ಕೈಗೊಡಲಿಗಳ ಜಾತಿಯವನ್ನು ಅಲ್ಲಿ ನೋಡಬಹುದು. ೧೮೬೩ರ ಮೇ ೩೦ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಪಲ್ಲಾವರದಲ್ಲಿ ಅಂಥ ಒಂದು ಕಲ್ಲನ್ನು ಎತ್ತಿಕೊಂಡರು. ಅದೇ ವರ್ಷ ಅತ್ತಿರಂಪಾಕ್ಕಂ ಪತ್ತೆಯಾಯಿತು. ನಮ್ಮ ಬಳ್ಳಾರಿಯ ಸುತ್ತಿನ ಆದಿಮಾನವರ ನೆಲೆಗಳನ್ನೂ ಮುಂದೆ ಹುಡುಕಿದವರು ಅವರೇ. ಅವರ ಸಂಗ್ರಹ ಎಗ್ಮೋರಿನ ಮ್ಯೂಸಿಯಮ್ಮಿನಲ್ಲಿದೆ. ಅಲ್ಲಿ ಬಳ್ಳಾರಿಯ ಕಲ್ಲೂ ಚೆಂಗಲ್ಪಟ್ಟಿನ ಕಲ್ಲೂ ಒಂದೇ ಮನೆಯ ಮಕ್ಕಳು. ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅತ್ತಿರಂಪಾಕ್ಕಂನ ಅತ್ಯಂತ ಹಳೆಯ ಆಯುಧಗಳಿಗೆ ಸುಮಾರು ೧೫ ಲಕ್ಷ ವರ್ಷ. ಆ ಕೈಗೊಡಲಿ ಮಾಡಿದವನು ಕನ್ನಡಿಗನೂ ಅಲ್ಲ, ತಮಿಳನೂ ಅಲ್ಲ. ಅವನಿಗೂ ನೀರು ಬೇಕಾಗಿತ್ತು, ಆದ್ದರಿಂದ ಹೊಳೆಯ ಬಳಿ ಇದ್ದ.

ಹೋಗುವವರಿಗೆ ಕೆಲವು ಸಣ್ಣ ಮಾತುಗಳು. ಮೊದಲ ಗಾಡಿಗೇ ಹೊರಡಿ. ಹತ್ತು ಗಂಟೆಯ ಮೇಲೆ ಬಿಸಿಲು ಯಾರ ಮಾತನ್ನೂ ಕೇಳುವುದಿಲ್ಲ. ಅರಕ್ಕೋಣದಿಂದ ಕಂಚಿಯ ಕಡೆಗೆ ಗಾಡಿಗಳು ಕಡಮೆ. ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಬುತ್ತಿಗೆ ಚಿತ್ರಾನ್ನವೋ ಮೊಸರನ್ನವೋ ಇರಲಿ, ನೀರು ಯಥೇಚ್ಛವಾಗಿರಲಿ. ಶಾಸನದ ಅಕ್ಷರಗಳ ಮೇಲೆ ಸೀಮೆಸುಣ್ಣ ಬಳಿಯಬೇಡಿ, ಕೈಯಾಡಿಸಬೇಡಿ. ಸಾಧ್ಯವಾದರೆ ಪಕ್ಕದ ಮನೆಯ ತಮಿಳರನ್ನೂ ಕರೆಯಿರಿ. ಅವರು ನಿಮಗೆ ಅವರ ಪುಟವನ್ನು ಓದಿ ಹೇಳುತ್ತಾರೆ. ನೀವು ನಿಮ್ಮದನ್ನು ಹೇಳಿ. ಕಾವೇರಿಯ ವ್ಯಾಜ್ಯ ಇದರಿಂದ ತೀರುವುದಿಲ್ಲ, ಅದು ನನಗೂ ಗೊತ್ತು. ಆದರೆ ವ್ಯಾಜ್ಯವಿರುವ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಊಟ ಮಾಡಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ನಾನೂ ಆ ಸಹೋದ್ಯೋಗಿಗಳೂ ಈಗ ಪತ್ರಿಕೆಯಲ್ಲಿ ನೀರಿನ ಸುದ್ದಿ ಬಂದ ದಿನ ಒಟ್ಟಿಗೇ ಕಾಫಿಗೆ ಹೋಗುತ್ತೇವೆ. ೨೦೨೫ರಲ್ಲಿ ತಕ್ಕೋಲದ ಕೇಂದ್ರ ಪೊಲೀಸ್ ತರಬೇತಿ ಕೇಂದ್ರಕ್ಕೆ ರಾಜಾದಿತ್ಯ ಚೋಳನ ಹೆಸರಿಟ್ಟಾಗ ನನಗೆ ಮೊದಲು ಸುದ್ದಿ ಹೇಳಿದವರು ಅವರೇ, ನಾನು ಸಂತೋಷಪಟ್ಟೆ.

ಕೊನೆಗೆ ಸಂಘಕ್ಕೆ ನನ್ನದೊಂದು ವಿಜ್ಞಾಪನೆ. ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಒಂದು ಗಂಟೆ ಕನ್ನಡ ಓದು ಬರಹ ಕಲಿಸುವ ಏರ್ಪಾಡಾಗಲಿ. ನಾನು ಪ್ರತಿ ವಾರವೂ ಬರಲು ಸಿದ್ಧನಿದ್ದೇನೆ. ಒಂದು ವರ್ಷ ಕಲಿತ ಮಕ್ಕಳನ್ನು ಮುಂದಿನ ರಾಜ್ಯೋತ್ಸವಕ್ಕೆ ಮುಂಚೆ ಕಂಚಿಗೆ ಕರೆದೊಯ್ಯೋಣ. ಕಂಬದ ಅಕ್ಷರ ಆಗಲೂ ಅವರಿಗೆ ಹತ್ತಲಾರದು. ಆದರೆ ಅದರ ಅರ್ಥವನ್ನು ಇಂದಿನ ಕನ್ನಡದಲ್ಲಿ ಒಂದು ಕಾಗದದ ಮೇಲೆ ಬರೆದುಕೊಟ್ಟರೆ, ಅಲ್ಲೇ ನಿಂತು ಗಟ್ಟಿಯಾಗಿ ಓದಬಲ್ಲರು. ಅಷ್ಟಾದರೆ ಸಾಕು.

ನಾವು ಪ್ರತಿಸಲ ಸಿರಿಗನ್ನಡಂ ಗೆಲ್ಗೆ ಎನ್ನುತ್ತೇವೆ. ಗೆದ್ದ ಊರಿನಲ್ಲಿ ಏನನ್ನೂ ಕಸಿಯದೆ, ಬಿಟ್ಟುಕೊಟ್ಟ ಮಾತನ್ನು ಮಾತ್ರ ಕನ್ನಡದಲ್ಲಿ ಬರೆಸಿ ಹಿಂದಿರುಗಿದವನ ಗೆಲುವು ನಮ್ಮ ಕಣ್ಣ ಮುಂದಿರಲಿ. ಆ ಅರ್ಥದಲ್ಲಿ ನಾನೂ ನಿಮ್ಮೊಡನೆ, ಸಿರಿಗನ್ನಡಂ ಗೆಲ್ಗೆ ಎಂದು ಹೇಳಿ ಮುಗಿಸುತ್ತೇನೆ.